ಮನೆತನದ ದಮ್ಮಿಗೆ ಒಂದು ರಕ್ತಪರೀಕ್ಷೆ: ದುಡ್ಡು ಯಾರು ಕೊಡಬೇಕು?

ಈ ಸಲ ಉಸಿರಾಟದ ಬಗ್ಗೆ ಬಂದ ಪತ್ರಗಳನ್ನೇ ಆರಿಸಿಕೊಂಡಿದ್ದೇನೆ. ಸೇಡಂ ಕಡೆಯ ಓದುಗರೊಬ್ಬರು ಬರೆದಿದ್ದನ್ನು ಓದಿದ ಮೇಲೆ ಬೇರೆ ವಿಷಯಕ್ಕೆ ಕೈ ಹಾಕಲು ಮನಸ್ಸು ಬರಲಿಲ್ಲ. ಅದಕ್ಕೇ ಮೊದಲ ಉತ್ತರ ಸ್ವಲ್ಪ ಉದ್ದ ಇದೆ.

ಪ್ರಶ್ನೆ: ನಮ್ಮ ತಂದೆ 52ನೇ ವಯಸ್ಸಿಗೆ ದಮ್ಮಿನಿಂದ ತೀರಿಕೊಂಡರು. ಬೀಡಿ ಸೇದುತ್ತಿದ್ದರು, ಅದಕ್ಕೇ ಹೀಗಾಯ್ತು ಅಂದುಕೊಂಡೆವು. ಈಗ ಅಣ್ಣನಿಗೆ 41. ಮಹಡಿ ಹತ್ತಲು ಆಗುವುದಿಲ್ಲ. ಟಿಬಿ ಇರಬಹುದು ಅಂತ ಕಫ ಪರೀಕ್ಷೆ ಆಯ್ತು, ಟಿಬಿ ಇರಲಿಲ್ಲ. ಕೊನೆಗೆ ಹೈದರಾಬಾದಿನಲ್ಲಿ ರಕ್ತ ತೆಗೆದು 'ಆಲ್ಫಾ-1 ಕೊರತೆ, ಹುಟ್ಟಿನಿಂದಲೇ ಬಂದಿದ್ದು, ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಿ' ಅಂದರು. ನನಗೆ 34, ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ, ಸದ್ಯಕ್ಕೆ ಏನೂ ತೊಂದರೆ ಇಲ್ಲ. ತಂಗಿಯರು ಇಬ್ಬರು. ಬಿಪಿಎಲ್ ಕಾರ್ಡಿನಲ್ಲಿ ಈ ಪರೀಕ್ಷೆ ಬರುವುದಿಲ್ಲ ಅಂದರು. ಮಾಡಿಸಲೇಬೇಕಾ? ಖರ್ಚು ಯಾರು ಕೊಡುತ್ತಾರೆ?
— ಸೇಡಂ ತಾಲ್ಲೂಕಿನ ಓದುಗರು

ಉತ್ತರ: ಮಾಡಿಸಿ. ನೀವೂ, ತಂಗಿಯರಿಬ್ಬರೂ. ಅಣ್ಣನಿಗೆ ಮಕ್ಕಳಿದ್ದರೆ ಅವರ ವಿಷಯವನ್ನೂ ಡಾಕ್ಟರ ಹತ್ತಿರ ಮಾತಾಡಿ.

ಆಲ್ಫಾ-1 ಆಂಟಿಟ್ರಿಪ್ಸಿನ್ ಅನ್ನುವುದು ಲಿವರ್ ತಯಾರಿಸುವ ಒಂದು ಪ್ರೋಟೀನ್. ರಕ್ತದ ಜೊತೆ ಶ್ವಾಸಕೋಶಕ್ಕೆ ಬರುತ್ತದೆ. ಹೊಗೆ, ಧೂಳು, ಸೋಂಕು ಒಳಗೆ ಹೋದಾಗ ಬಿಳಿ ರಕ್ತಕಣಗಳು ಅಲ್ಲಿಗೆ ಬಂದು ಎಲಾಸ್ಟೇಸ್ ಅನ್ನುವ ಕಿಣ್ವವನ್ನು ಬಿಡುತ್ತವೆ. ಅದು ಕೆಲಸ ಮುಗಿಸಿದ ಮೇಲೆ ಯಾರಾದರೂ ತಡೆಯಬೇಕು. ತಡೆಯದಿದ್ದರೆ, ಕಳೆಗೆ ಹೊಡೆದ ಔಷಧ ಬೆಳೆಯನ್ನೂ ಸುಟ್ಟ ಹಾಗೆ, ಅದು ಶ್ವಾಸಕೋಶದ ಗಾಳಿಗೂಡುಗಳನ್ನೇ ತಿಂದುಹಾಕುತ್ತದೆ. ಆ ತಡೆಯುವ ಕೆಲಸ ಆಲ್ಫಾ-1ರದ್ದು. ನಿಮ್ಮ ಅಣ್ಣನ ರಕ್ತದಲ್ಲಿ ಅದು ತೀರಾ ಕಡಿಮೆ ಇದೆ, ಅಷ್ಟೇ ವಿಷಯ.

ಯಾಕೆ ಕಡಿಮೆ ಅಂದರೆ, ಈ ಪ್ರೋಟೀನ್ ಮಾಡಿಸುವ ಜೀನ್ ನಮಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಎರಡೂ 'ಝಡ್' ಅನ್ನುವ ದೋಷದ ಬಗೆಯದಾದರೆ ಪ್ರೋಟೀನ್ ಲಿವರ್ ಒಳಗೇ ಗಂಟುಕಟ್ಟಿ ಉಳಿಯುತ್ತದೆ, ರಕ್ತಕ್ಕೆ ಬರುವುದು ಸ್ವಲ್ಪವೇ. ಇದರಿಂದ ಕೆಲವರಿಗೆ ಲಿವರ್ ಕೂಡ ಕೆಡುತ್ತದೆ. ಅಪ್ಪ ಅಮ್ಮ ಇಬ್ಬರ ಹತ್ತಿರವೂ ಒಂದೊಂದೇ ಝಡ್ ಇದ್ದರೆ ಪ್ರತಿ ಮಗುವಿಗೂ ಎರಡೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆದರೆ ನಿಮ್ಮ ತಂದೆ 52ಕ್ಕೇ ಹೋಗಿದ್ದಾರೆ. ಅವರಿಗೂ ಇದೇ ಕಾಯಿಲೆ ಇತ್ತು ಅಂತಾದರೆ ನಿಮಗೆ ಆ ಸಾಧ್ಯತೆ ಎರಡರಲ್ಲಿ ಒಂದು. ಹಾಗಾಗಿ 'ನನಗೇನೂ ಆಗಿಲ್ಲವಲ್ಲ' ಅಂತ ಕೂರಬೇಡಿ. ಏನೂ ಆಗದೇ ಇರುವಾಗ ಗೊತ್ತಾದರೇ ಲಾಭ ಜಾಸ್ತಿ.

ನಿಮ್ಮ ಅಣ್ಣನ ಎಕ್ಸ್‌-ರೇ ಮನೆಯಲ್ಲಿದ್ದರೆ ಕಿಟಕಿ ಬೆಳಕಿಗೆ ಹಿಡಿದು ನೋಡಿ. ಬೀಡಿಯಿಂದ ಬರುವ ಎಂಫಿಸೀಮಾ, ಅಂದರೆ ಗಾಳಿಗೂಡುಗಳು ಹಾಳಾಗುವ ಕಾಯಿಲೆ, ಸಾಮಾನ್ಯವಾಗಿ ಶ್ವಾಸಕೋಶದ ಮೇಲ್ಭಾಗವನ್ನು ಹಿಡಿಯುತ್ತದೆ. ಈ ಕೊರತೆಯಲ್ಲಿ ಹೆಚ್ಚಾಗಿ ಕೆಳಭಾಗ ಹೋಗಿರುತ್ತದೆ. ಕೆಳಗಡೆ ಕಪ್ಪು ಜಾಸ್ತಿ, ರಕ್ತನಾಳಗಳ ಬಿಳಿ ಎಳೆಗಳು ಕಾಣುವುದೇ ಇಲ್ಲ, ಗುಮ್ಮಟದ ಹಾಗೆ ಮೇಲೆದ್ದಿರಬೇಕಾದ ವಪೆ (ಎದೆ, ಹೊಟ್ಟೆ ನಡುವಿನ ಸ್ನಾಯು) ಚಪ್ಪಟೆಯಾಗಿ ಮಲಗಿರುತ್ತದೆ. ನಲವತ್ತರ ಆಸುಪಾಸಿನವರಲ್ಲಿ ಇಂಥ ಫಿಲ್ಮ್ ಕಂಡರೆ ರಕ್ತ ಕಳಿಸಲೇಬೇಕು. ಆದರೆ ನಮ್ಮ ಕಡೆ ದಮ್ಮು ಅಂದ ಕೂಡಲೇ ಮೊದಲು ಟಿಬಿ, ಆಮೇಲೆ ಬೀಡಿ, ಆಮೇಲೆ ಧೂಳು. ಆ ಮೂರರಲ್ಲೇ ವರ್ಷಗಳು ಕಳೆದುಹೋಗುತ್ತವೆ.

ಪರೀಕ್ಷೆಯಲ್ಲಿ ಎರಡು ಹಂತ. ಮೊದಲು ರಕ್ತದಲ್ಲಿ ಆಲ್ಫಾ-1 ಎಷ್ಟಿದೆ ಅಂತ ನೋಡುವುದು. ಕಡಿಮೆ ಬಂದರೆ ಜೀನ್ ಯಾವ ಬಗೆ ಅಂತ ನೋಡುವುದು. ಮೊದಲನೆಯದಕ್ಕೆ ಖಾಸಗಿ ಲ್ಯಾಬಿನಲ್ಲಿ ಸಾವಿರ ರೂಪಾಯಿಗಳ ಲೆಕ್ಕ, ಎರಡನೆಯದಕ್ಕೆ ಇನ್ನೂ ಜಾಸ್ತಿ. ಜ್ವರ, ನ್ಯುಮೋನಿಯಾ ಇರುವಾಗ ರಕ್ತ ಕೊಡಬೇಡಿ, ಆಗ ಈ ಪ್ರೋಟೀನ್ ತಾನಾಗೇ ಏರಿರುತ್ತದೆ, ಕೊರತೆ ಇದ್ದರೂ ಮರೆಯಾಗಬಹುದು. ತಂಗಿಯರಲ್ಲಿ ಯಾರಾದರೂ ಬಸುರಿಯಾಗಿದ್ದರೆ ಅದನ್ನೂ ಹೇಳಿ, ಆಗಲೂ ಏರುತ್ತದೆ.

ಇನ್ನು ದುಡ್ಡಿನ ವಿಷಯ. ನಿಮ್ಮ ಸಂಬಳದಲ್ಲಿ ಇಎಸ್‌ಐ ಕಟ್ ಆಗುತ್ತಿದೆಯಾ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇದರಲ್ಲಿ ಬರುತ್ತಾರೆ, ಗುತ್ತಿಗೆಯವರೂ ಸೇರಿ. ಕಟ್ ಆಗುತ್ತಿದ್ದರೆ ಕಲಬುರಗಿಯ ಇಎಸ್‌ಐ ಆಸ್ಪತ್ರೆಗೆ ಅಣ್ಣನ ರಿಪೋರ್ಟ್ ತೆಗೆದುಕೊಂಡು ಹೋಗಿ, ಪರೀಕ್ಷೆ ಬರೆಸಿಕೊಳ್ಳಿ. ಅದು ನಿಮಗೆ, ಹೆಂಡತಿ ಮಕ್ಕಳಿಗೆ ಆಯ್ತು. ಮದುವೆಯಾಗಿ ಬೇರೆ ಮನೆಯಲ್ಲಿರುವ ತಂಗಿಯರಿಗೆ ನಿಮ್ಮ ಕಾರ್ಡ್ ನಡೆಯುವುದಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರಿಗೆ. 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ರೋಗಿಗೆ 50 ಲಕ್ಷದವರೆಗೆ ನೆರವು ಇದೆ, ಅದು ಪಟ್ಟಿಯಲ್ಲಿರುವ ಕಾಯಿಲೆ ಆಗಲೇ ಬಂದವರ ಚಿಕಿತ್ಸೆಗೆ. ಇನ್ನೂ ಕಾಯಿಲೆ ಬಾರದ ತಂಗಿಯ ಒಂದು ಸಿರಿಂಜ್ ರಕ್ತಕ್ಕೆ ಯಾವ ಯೋಜನೆಯಲ್ಲೂ ಜಾಗ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಅದೇ ತಂಗಿ ಹತ್ತು ವರ್ಷ ಬಿಟ್ಟು ಐಸಿಯುಗೆ ಬಂದರೆ ಅದೇ ಸರ್ಕಾರ ಲಕ್ಷಗಟ್ಟಲೆ ಕೊಡುತ್ತದೆ.

ಪರೀಕ್ಷೆಯಲ್ಲಿ ಕೊರತೆ ಅಂತ ಬಂದರೆ ಹೆದರಬೇಡಿ. ಬೀಡಿ, ಸಿಗರೇಟು ಮುಟ್ಟದವರಲ್ಲಿ ಎಷ್ಟೋ ಜನ ಐವತ್ತು ದಾಟುವವರೆಗೂ ಆರಾಮಾಗಿರುತ್ತಾರೆ, ಕೆಲವರಿಗೆ ಜೀವಮಾನದಲ್ಲಿ ತೊಂದರೆಯೇ ಬರುವುದಿಲ್ಲ. ಸೇದುವವರಿಗೆ ಮೂವತ್ತರ ಕೊನೆ, ನಲವತ್ತರಲ್ಲೇ ಶುರು. ನೀವು ಸೇದುತ್ತಿದ್ದರೆ ರಿಪೋರ್ಟಿಗೆ ಕಾಯದೆ ಇವತ್ತೇ ಬಿಡಿ. ಪ್ಯಾಕಿಂಗ್, ಕ್ರಷರ್ ಕಡೆಯ ಕೆಲಸದಿಂದ ಬೇರೆ ಕಡೆ ಹಾಕಿಸಿಕೊಳ್ಳಲು ಡಾಕ್ಟರ ಪತ್ರ ಸಹಾಯ ಮಾಡುತ್ತದೆ. ಫ್ಲೂ, ನ್ಯುಮೋನಿಯಾ, ಹೆಪಟೈಟಿಸ್ ಲಸಿಕೆ ಹಾಕಿಸಿ. ಕುಡಿತ ಬೇಡ, ಲಿವರ್ ಉಳಿಸಿಕೊಳ್ಳಬೇಕು. ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ, ಅಂದರೆ ಉಸಿರು ಊದಿಸಿ ಶ್ವಾಸಕೋಶದ ಶಕ್ತಿ ನೋಡುವ ಪರೀಕ್ಷೆ, ಮಾಡಿಸಿ. ಇದ್ಯಾವುದೂ ದೊಡ್ಡ ಖರ್ಚಿನದಲ್ಲ.

ಪ್ರಶ್ನೆ: ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಮ್ಮಿನ ಪಂಪೇ ಸರಿಯಾಗಿ ಸಿಗುವುದಿಲ್ಲ. ಲಕ್ಷದಲ್ಲಿ ಒಬ್ಬರಿಗೆ ಬರುವ ಕಾಯಿಲೆಗೆ ಸರ್ಕಾರದ ದುಡ್ಡು ಹಾಕಿ ಅಂತ ಕೇಳುವುದು ಸರಿಯಾ?
— ಹುಮನಾಬಾದ್‌ನ ನಿವೃತ್ತ ಶಿಕ್ಷಕರು

ಉತ್ತರ: ಸರ್, ಈ ಪ್ರಶ್ನೆ ಯಾರಾದರೂ ಕೇಳಲೇಬೇಕಿತ್ತು. ಪಂಪು ಮೊದಲು, ಅದರಲ್ಲಿ ಎರಡು ಮಾತಿಲ್ಲ. ಮತ್ತೆ ನಮ್ಮ ದೇಶದಲ್ಲಿ ಝಡ್ ಜೀನ್ ಉತ್ತರ ಯೂರೋಪಿನಷ್ಟು ಸಾಮಾನ್ಯವಲ್ಲ ಅನ್ನುವುದೂ ನಿಜ. ಅದಕ್ಕೇ ಊರಿಗೆ ಊರನ್ನೇ ಸಾಲು ನಿಲ್ಲಿಸಿ ರಕ್ತ ತೆಗೆಯಿರಿ ಅಂತ ನಾನು ಕೇಳುತ್ತಿಲ್ಲ.

ಹುಟ್ಟಿದ ಮಕ್ಕಳೆಲ್ಲರಿಗೂ ಪರೀಕ್ಷೆ ಮಾಡುವ ಪ್ರಯೋಗ ಆಗಿಹೋಗಿದೆ. 1963ರಲ್ಲಿ ಈ ಕೊರತೆಯನ್ನು ಮೊದಲು ಗುರುತಿಸಿದ್ದು ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್. ಅದೇ ಸ್ವೀಡನ್ನಿನಲ್ಲಿ 1972ರಿಂದ 1974ರವರೆಗೆ 2 ಲಕ್ಷ ಶಿಶುಗಳ ರಕ್ತ ನೋಡಿದರು, ತೀವ್ರ ಕೊರತೆಯ 120ರಷ್ಟು ಮಕ್ಕಳು ಸಿಕ್ಕರು. ಆಮೇಲೆ ಅದನ್ನು ನಿಲ್ಲಿಸಿದರು. ಕಾರಣ, ತಂದೆತಾಯಿಗಳು ತುಂಬಾ ಕುಗ್ಗಿಹೋದರು. ಏನೂ ತೊಂದರೆ ಇಲ್ಲದ ಹಸುಗೂಸಿಗೆ ಮುಂದೆ ಯಾವಾಗಲೋ ಕಾಯಿಲೆ ಬರಬಹುದು ಅಂತ ಹೇಳಿ ಕಳಿಸಿದರೆ ಮನೆಯವರು ಹೇಗೆ ನಿದ್ದೆ ಮಾಡಬೇಕು? ಆದರೆ ಆ ಮಕ್ಕಳು ದೊಡ್ಡವರಾದಾಗ ಇನ್ನೊಂದು ವಿಷಯ ಕಂಡಿತು. ತಮ್ಮ ಓರಗೆಯವರಿಗಿಂತ ಅವರಲ್ಲಿ ಸಿಗರೇಟು ಸೇದುವವರು ಕಡಿಮೆ ಇದ್ದರು. ಗೊತ್ತಿದ್ದಿದ್ದು ಉಪಯೋಗಕ್ಕೆ ಬಂತು ಅಲ್ವಾ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಅನಿಸುವುದು, ಎಲ್ಲರಿಗೂ ಬೇಡ, ಸರಿಯಾದ ಕಡೆ ಹುಡುಕಿದರೆ ಸಾಕು.

ಸರಿಯಾದ ಕಡೆ ಯಾವುದು ಅಂತ ವಿಶ್ವ ಆರೋಗ್ಯ ಸಂಸ್ಥೆ 1997ರಲ್ಲೇ ಹೇಳಿದೆ: ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಪೂರ್ತಿ ವಾಸಿಯಾಗದೆ ಉಳಿಯುವ ದಮ್ಮು, ಇದೆ ಅಂತ ಗೊತ್ತಾದ ಪ್ರತಿಯೊಬ್ಬರಿಗೂ ಜೀವನದಲ್ಲಿ ಒಂದು ಸಲ ಈ ಪರೀಕ್ಷೆ. ಕೊರತೆ ಸಿಕ್ಕರೆ ಅವರ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಿಗೆ. ಅಷ್ಟೇ. ಕಾಯಿಲೆ ಅಪರೂಪ ಇರಬಹುದು, ಆದರೆ ಒಂದು ಮನೆಯಲ್ಲಿ ಒಬ್ಬರಿಗೆ ಸಿಕ್ಕರೆ ಆ ಮನೆಯೊಳಗೆ ಅದು ಅಪರೂಪ ಅಲ್ಲ. ಸೇಡಂ ಓದುಗರ ಮನೆಯನ್ನೇ ನೋಡಿ, ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಬಂದಾಗಿದೆ, ಉಳಿದ ಮೂವರೂ ಅಂಚಿನಲ್ಲಿದ್ದಾರೆ. ಸಿಒಪಿಡಿ 2016ರ ಲೆಕ್ಕದಲ್ಲಿ ಭಾರತದ ಸಾವುಗಳಿಗೆ ಎರಡನೇ ದೊಡ್ಡ ಕಾರಣ. ಇಷ್ಟು ದೊಡ್ಡ ಕಾಯಿಲೆಯ ಒಳಗಿರುವ, ಮೊದಲೇ ತಡೆಯಬಹುದಾದ ಒಂದು ಸಣ್ಣ ಗುಂಪನ್ನು ಹುಡುಕುವುದಕ್ಕೆ ಪಂಪಿನ ದುಡ್ಡನ್ನು ಕಿತ್ತುಕೊಳ್ಳಬೇಕಾಗಿಲ್ಲ.

ಇನ್ನೊಂದು ಮಾತು. ವಂಶದಿಂದ ಬರುವ ಕಾಯಿಲೆಯನ್ನು ಸರ್ಕಾರದ ಖರ್ಚಿನಲ್ಲಿ ಮೊದಲೇ ಹುಡುಕುವುದು ನಮಗೆ ಹೊಸದಲ್ಲ. 2023ರ ಜುಲೈ 1ರಂದು ಶುರುವಾದ ಸಿಕಲ್ ಸೆಲ್ (ವಂಶದಿಂದ ಬರುವ ರಕ್ತದ ಕಾಯಿಲೆ) ಅಭಿಯಾನದಲ್ಲಿ ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರ ಪರೀಕ್ಷೆ ಗುರಿ, ಕರ್ನಾಟಕವೂ ಅದರಲ್ಲಿದೆ. 2019ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 'ಉಮ್ಮೀದ್' ಅಂತ ಕಾರ್ಯಕ್ರಮ ತಂದಾಗ ಗರ್ಭಿಣಿಯರ, ನವಜಾತ ಶಿಶುಗಳ ಆನುವಂಶಿಕ ತಪಾಸಣೆಗೆ ಆರಿಸಿದ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಇತ್ತು. ಅಂದರೆ ಒಪ್ಪಿಗೆ ಸಿಕ್ಕಾಗಿದೆ. ಶ್ವಾಸಕೋಶವನ್ನೂ ಅದಕ್ಕೆ ಸೇರಿಸಬೇಕು, ಅದನ್ನೇ ಕೇಳುತ್ತಿರುವುದು.

ಎಲ್ಲಿ ಮಾಡುವುದು ಅಂದರೆ, ಮೊದಲ ಹಂತದ ಪರೀಕ್ಷೆಗೆ ಹೊಸ ಕಟ್ಟಡ ಬೇಕಾಗಿಲ್ಲ. ಮೆಡಿಕಲ್ ಕಾಲೇಜಿನ ಬಯೋಕೆಮಿಸ್ಟ್ರಿ ಲ್ಯಾಬಿನ ಆಟೋ ಅನಲೈಜರ್‌ನಲ್ಲೇ ಕಿಟ್ ಹಾಕಿ ಮಾಡಬಹುದು. ತೊಡಕು ಇರುವುದು ಕಿಟ್‌ನಲ್ಲಿ. ಒಂದು ಸಲ ಒಡೆದರೆ ಬೇಗ ಬಳಸಿ ಮುಗಿಸಬೇಕು, ತಿಂಗಳಿಗೆ ನಾಲ್ಕೈದು ಸ್ಯಾಂಪಲ್ ಬಂದರೆ ಉಳಿದಿದ್ದು ಹಾಳು. ಹಾಗಾಗಿ ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಅನ್ನುವ ಸರ್ಕಾರಿ ಮೆಡಿಕಲ್ ಕಾಲೇಜುಗಳು, ತಾಲ್ಲೂಕು ಆಸ್ಪತ್ರೆಗಳು ರಕ್ತ ತೆಗೆದು ಕಲಬುರಗಿಯ ಮೆಡಿಕಲ್ ಕಾಲೇಜಾದ ಜಿಮ್ಸ್‌ಗೆ ಕಳಿಸಿ, ಅಲ್ಲಿ ವಾರಕ್ಕೊಂದು ದಿನ ಎಲ್ಲವನ್ನೂ ಸೇರಿಸಿ ಮಾಡಿದರೆ ಕಿಟ್ ಹಾಳಾಗುವುದಿಲ್ಲ. ಜೀನ್ ಪರೀಕ್ಷೆಗೆ ಬೆರಳು ಚುಚ್ಚಿ ಫಿಲ್ಟರ್ ಪೇಪರಿನ ಮೇಲೆ ಹನಿ ಹಾಕಿ ಒಣಗಿಸಿದರೆ ಸಾಕು, ಅಂಚೆಯಲ್ಲೇ ಕಳಿಸಬಹುದು. ಅಪರೂಪದ ಕಾಯಿಲೆಗಳ ದೊಡ್ಡ ಕೇಂದ್ರ ರಾಜ್ಯದಲ್ಲಿ ಇರುವುದು ಬೆಂಗಳೂರಿನಲ್ಲಿ, ಇಲ್ಲಿಂದ 600 ಕಿ.ಮೀ. ಆಸುಪಾಸು. ಹೈದರಾಬಾದಿನಲ್ಲೂ ಒಂದಿದೆ, ಬೀದರ್‌ಗೆ ಅದೇ ಹತ್ತಿರ. ಒಣಗಿದ ರಕ್ತದ ಕಾಗದ ಪ್ರಯಾಣ ಮಾಡಲಿ, ಉಸಿರು ಹಿಡಿಯದ ಮನುಷ್ಯ ಯಾಕೆ ರೈಲಿನಲ್ಲಿ ನಿಂತುಕೊಂಡು ಹೋಗಬೇಕು?

ಹಣ ಎಲ್ಲಿಂದ ಅಂದರೆ, ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಬಜೆಟ್‌ನಲ್ಲಿ ಅದಕ್ಕೆ 5,000 ಕೋಟಿ ಘೋಷಣೆಯಾದ ವರ್ಷಗಳೂ ಇವೆ. ರಸ್ತೆ, ಕಟ್ಟಡ ಬೇಕು, ಬೇಡ ಅನ್ನುವುದಿಲ್ಲ. ಆದರೆ ಈ ಕಿಟ್ಟುಗಳ ಖರ್ಚು ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದು.

ಪ್ರಶ್ನೆ: ನಮ್ಮ ತಾಯಿ ಯಾವತ್ತೂ ಬೀಡಿ ಸೇದಿಲ್ಲ. ಜೀವನವಿಡೀ ಕಟ್ಟಿಗೆ ಒಲೆ. ಈಗ 63, ದಮ್ಮು ಇದೆ. ಇದೂ ವಂಶದ್ದೇನಾ?
— ಆಳಂದದ ಓದುಗರು

ಉತ್ತರ: ಬಹುಮಟ್ಟಿಗೆ ಒಲೆ ಹೊಗೆಯದ್ದೇ. ಹೆಂಗಸರ ಸಿಒಪಿಡಿಗೆ ನಮ್ಮ ಹಳ್ಳಿಗಳಲ್ಲಿ ಅದು ದೊಡ್ಡ ಕಾರಣ. ಆದರೂ ಒಂದು ಸಲ ಆಲ್ಫಾ-1 ನೋಡಿದರೆ ತಪ್ಪಿಲ್ಲ. ಮೊದಲು ಸ್ಪೈರೋಮೆಟ್ರಿ ಮಾಡಿಸಿ, ಗ್ಯಾಸ್ ಸಿಲಿಂಡರ್ ಖಾಲಿಯಾದಾಗ ಮತ್ತೆ ಒಲೆ ಹಚ್ಚದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗಿ ಫಾರಂ ತುಂಬುತ್ತೇನೆ. ಒಂದು ಮನೆಯಲ್ಲಿ 'ನಮ್ಮ ಮನ್ಯಾಗ ಎಲ್ಲಾರಿಗೂ ದಮ್ಮು ಅದ ರೀ' ಅಂದರು. ಅದನ್ನು ಎಲ್ಲಿ ಬರೆಯಬೇಕು ಅಂತ ತಿಳಿಯಲಿಲ್ಲ.
— ಶಹಾಪುರ ತಾಲ್ಲೂಕು

ಉತ್ತರ: ತಾಯಿ, ಬರೆಯಲು ಜಾಗ ಇಲ್ಲ, ಅದಕ್ಕೇ ತಿಳಿಯಲಿಲ್ಲ. 30 ದಾಟಿದವರಿಗೆ ತುಂಬುವ ಸಿಬ್ಯಾಕ್ ಫಾರಂ (ಬಿಪಿ, ಶುಗರ್ ಥರದ ಕಾಯಿಲೆಗಳ ಅಪಾಯ ಅಳೆಯುವ ಫಾರಂ) ತೆಗೆದು ನೋಡಿ. ಮೊದಲ ಭಾಗದಲ್ಲಿ ವಯಸ್ಸು, ತಂಬಾಕು, ಕುಡಿತ, ಸೊಂಟದ ಅಳತೆ, ಆಮೇಲೆ ತಂದೆತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯಾ ಅಂತ ಕೇಳುತ್ತದೆ. ಎರಡನೇ ಭಾಗದಲ್ಲಿ ಉಸಿರಾಟದ ತೊಂದರೆ, ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು. ಮೂರನೆಯದರಲ್ಲಿ ಅಡುಗೆಗೆ ಯಾವ ಇಂಧನ, ಹೊಲದ ಕಸ ಸುಡುತ್ತೀರಾ, ಇಟ್ಟಿಗೆ ಭಟ್ಟಿ ಹೊಗೆ ಇದೆಯಾ ಅಂತ ಶ್ವಾಸಕೋಶದ ಪ್ರಶ್ನೆಗಳೇ. ಎಷ್ಟು ಹತ್ತಿರ ಬಂದಿದ್ದಾರೆ ನೋಡಿ! ಬಿಪಿ, ಶುಗರ್, ಹೃದಯ ಅಂತ ಬರೆದ ಅದೇ ಸಾಲಿನಲ್ಲಿ 'ಚಿಕ್ಕ ವಯಸ್ಸಿನ ದಮ್ಮು' ಅಂತ ಒಂದು ಮಾತು ಸೇರಿಸಿದರೆ ಈ ಮನೆಗಳು ತಾವಾಗೇ ಮೇಲೆ ಬರುತ್ತವೆ. ಇದಕ್ಕೆ ಸರ್ಕಾರಕ್ಕೆ ಮುದ್ರಣದ ಖರ್ಚು ಬಿಟ್ಟರೆ ಬೇರೆ ಖರ್ಚಿಲ್ಲ. ನಿಮ್ಮ ಕೈಗೆ ಆ ಕೆಲಸಕ್ಕೂ ಪ್ರೋತ್ಸಾಹಧನ ಬರಬೇಕು ಅನ್ನುವುದನ್ನೂ ಸೇರಿಸಿಯೇ ಕೇಳಬೇಕು, ಈಗಾಗಲೇ ನಿಮ್ಮ ಹೆಗಲ ಮೇಲೆ ಸಾಕಷ್ಟಿದೆ.

ಫಾರಂ ಬದಲಾಗುವವರೆಗೆ, ಫಾರಂ ಅಂಚಿನಲ್ಲಿ ಬರೆಯಿರಿ. ಯಾರು, ಎಷ್ಟನೇ ವಯಸ್ಸಿಗೆ ಶುರುವಾಯ್ತು, ಬೀಡಿ ಸೇದುತ್ತಿದ್ದರಾ. 45ರ ಒಳಗೆ ಶುರುವಾಗಿದ್ದರೆ, ಅಥವಾ ಒಂದೇ ಮನೆಯಲ್ಲಿ ಇಬ್ಬರಿಗಿದ್ದರೆ, ವೈದ್ಯಾಧಿಕಾರಿಗೆ ಬಾಯಲ್ಲೂ ಹೇಳಿ. ಟಿಬಿ ಪರೀಕ್ಷೆ ತಪ್ಪಿಸಬೇಡಿ, ಅದು ಮೊದಲು ಆಗಲೇಬೇಕು. ಟಿಬಿ ಇಲ್ಲ ಅಂತ ಬಂದ ಮೇಲೆ ಆ ಮನೆಯನ್ನು ಮರೆಯಬೇಡಿ.

ಪ್ರಶ್ನೆ: ಮಗಳನ್ನು ನನ್ನ ತಮ್ಮನಿಗೇ ಕೊಡುವ ಮಾತಿದೆ. ನನ್ನ ಚಿಕ್ಕಪ್ಪನಿಗೆ ಇದೇ ಕಾಯಿಲೆ ಇತ್ತು ಅಂತ ಗೊತ್ತಾಗಿದೆ. ಪರೀಕ್ಷೆ ಮಾಡಿಸಿದರೆ ಊರಿಗೆಲ್ಲ ಗೊತ್ತಾಗಿ ಮದುವೆ ನಿಂತರೆ?
— ಕಲಬುರಗಿಯ ತಾಯಿಯೊಬ್ಬರು

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಸ್ವೀಡನ್ನಿನಲ್ಲಿ ತಂದೆತಾಯಿಗಳು ಕುಗ್ಗಿದರು ಅಂದೆನಲ್ಲ, ನಮ್ಮಲ್ಲಿ ಅದರ ಮೇಲೆ ಸಂಬಂಧಿಕರ ಬಾಯಿ ಬೇರೆ. ಸರ್ಕಾರ ಈ ಪರೀಕ್ಷೆಗೆ ಹಣ ಕೊಡುವಾಗ ರಕ್ತದ ಕಿಟ್ಟಿಗೆ ಮಾತ್ರ ಕೊಟ್ಟರೆ ಸಾಲದು. ಕೂತು ಮಾತಾಡುವ ಆಪ್ತಸಮಾಲೋಚಕರ ಸಂಬಳಕ್ಕೂ ಕೊಡಬೇಕು, ರಿಪೋರ್ಟನ್ನು ಪರೀಕ್ಷೆ ಮಾಡಿಸಿದವರ ಕೈಗೆ ಮಾತ್ರ ಕೊಡಬೇಕು. ಕ್ಯಾಂಪ್ ಹಾಕಿ ಮೈಕಿನಲ್ಲಿ ಹೆಸರು ಕೂಗುವ ಕೆಲಸ ಅಲ್ಲ ಇದು.

ಒಳಸಂಬಂಧದಲ್ಲಿ ಇಬ್ಬರ ಹತ್ತಿರವೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ, ಅದಕ್ಕೇ ಮದುವೆಗೆ ಮೊದಲೇ ಇಬ್ಬರೂ ಮಾಡಿಸುವುದು ಒಳ್ಳೆಯದು. ಒಂದೇ ಝಡ್ ಇದ್ದು ಬೀಡಿ, ಸಿಗರೇಟಿನಿಂದ ದೂರ ಇದ್ದರೆ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಒಬ್ಬರಿಗೆ ಮಾತ್ರ ಒಂದು ಝಡ್ ಇದ್ದರೆ ಮಕ್ಕಳಿಗೆ ಎರಡೂ ಝಡ್ ಬರುವುದಿಲ್ಲ. ಇಬ್ಬರಿಗೂ ಇದ್ದರೆ ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಿ, ನಿರ್ಧಾರ ಆ ಇಬ್ಬರದ್ದೇ ಆಗಿರಲಿ. ಇನ್ಶೂರೆನ್ಸ್ ವಿಷಯಕ್ಕೆ ಹೇಳುವುದಾದರೆ, ಜೀನ್ ಕಾರಣಕ್ಕೆ ತಾರತಮ್ಯ ಮಾಡುವುದು ಸಂವಿಧಾನಕ್ಕೆ ವಿರುದ್ಧ ಅಂತ ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿದೆ.

ಪ್ರಶ್ನೆ: ಮಗುವಿಗೆ ಹುಟ್ಟಿ ಒಂದು ತಿಂಗಳಾದರೂ ಕಾಮಾಲೆ ಇಳಿದಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?
— ಬಸವಕಲ್ಯಾಣ

ಉತ್ತರ: ಇರಬಹುದು, ಬೇರೆ ಕಾರಣಗಳೂ ಇರಬಹುದು. ಎರಡು ವಾರ ದಾಟಿದ ಕಾಮಾಲೆಯನ್ನು ಕಾಯಬಾರದು. ಮಲ ಬೆಳ್ಳಗಿದ್ದರೆ ಈ ಅಂಕಣ ಓದಿ ಮುಗಿಸುವ ಮೊದಲೇ ಬ್ರಿಮ್ಸ್‌ಗೆ ಹೋಗಿ. ತಾಯತ, ನಾಟಿ ಔಷಧ ಅಂತ ದಿನ ಕಳೆಯಬೇಡಿ.

ಪ್ರಶ್ನೆ: ಈ ಪರೀಕ್ಷೆಯನ್ನು ಸರ್ಕಾರದ ಪಟ್ಟಿಗೆ ಸೇರಿಸಿ ಅಂತ ನಾವು ಯಾರಿಗೆ ಬರೆಯಬೇಕು? ಹೇಗೆ?
— ಚಿಂಚೋಳಿಯ ಯುವಕರ ಗುಂಪು

ಉತ್ತರ: ನಿಮ್ಮ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗೆ ಒಂದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾರ್ಯದರ್ಶಿಗೆ ಒಂದು, ಶಾಸಕರಿಗೆ ಒಂದು. ಒಂದೇ ಪುಟ ಸಾಕು. ಮೂರು ಬೇಡಿಕೆ ಇಡಿ: ಜಿಮ್ಸ್‌ನಲ್ಲಿ ವಾರಕ್ಕೊಂದು ದಿನ ಆಲ್ಫಾ-1 ಪರೀಕ್ಷೆ ಉಚಿತ, ಕೊರತೆ ಸಿಕ್ಕವರ ಒಡಹುಟ್ಟಿದವರಿಗೂ ಮಕ್ಕಳಿಗೂ ಉಚಿತ, ಆಶಾ ಫಾರಂನಲ್ಲಿ ಒಂದು ಸಾಲು. ನಿಮ್ಮ ಊರಿನಲ್ಲಿ 45ರ ಒಳಗೆ ದಮ್ಮು ಶುರುವಾದವರು ಎಷ್ಟು ಮನೆಯಲ್ಲಿದ್ದಾರೆ ಅಂತ ಕೇಳಿ ತಿಳಿದು ಆ ಸಂಖ್ಯೆ ಮಾತ್ರ ಬರೆಯಿರಿ, ಹೆಸರು ಬೇಡ. ಒಂದು ಪ್ರತಿ ಇಟ್ಟುಕೊಂಡು, ಕೊಟ್ಟಿದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಅರ್ಜಿ ಏನಾಯ್ತು ಅಂತ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ, 30 ದಿನದಲ್ಲಿ ಹೇಳಲೇಬೇಕು. ಬಂದ ಉತ್ತರವನ್ನು ನಮಗೂ ಕಳಿಸಿ, ಇದೇ ಜಾಗದಲ್ಲಿ ಹಾಕುತ್ತೇನೆ.